ಬರ್ಲಿನ್‌ನಲ್ಲಿ ಮಾಸ್ಟರ್ಸ್: ಪಾಸ್‌ಪೋರ್ಟಿನ ಹೆಸರಿನಿಂದ ಅಂಚೆ ಡಬ್ಬಿಯವರೆಗೆ

ಬರ್ಲಿನ್‌ಗೆ ಓದಲು ಹೊರಡುವ ಯೋಚನೆ ಇದ್ದರೆ ಮೊದಲು ಪಾಸ್‌ಪೋರ್ಟ್ ತೆಗೆದು ಹೆಸರು ಹೇಗಿದೆ ನೋಡಿಕೊಳ್ಳಿ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಒಂದೋ ಎರಡೋ ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಅಪ್ಪನ ಹೆಸರಾಗಿಯೋ ಊರಿನ ಹೆಸರಾಗಿಯೋ ಬಿಡಿಸಿಕೊಂಡಿರುತ್ತದೆ, ಇಲ್ಲವೇ ಸರ್‌ನೇಮ್ ಕಾಲಂ ಖಾಲಿ ಉಳಿದಿರುತ್ತದೆ. ಡಿಗ್ರಿ ಸರ್ಟಿಫಿಕೇಟಿನಲ್ಲಿ ಇನ್ನೊಂದು ಬಗೆ. ಊರಲ್ಲಿ ಇದರಿಂದ ಯಾರಿಗೂ ತೊಂದರೆಯಾಗುವುದಿಲ್ಲ. ಜರ್ಮನಿಯಲ್ಲಿ ಮಾತ್ರ ಹೆಸರು, ಸರ್‌ನೇಮ್ ಎರಡೂ ಕಾಲಂ ತುಂಬದಿದ್ದರೆ ಕಂಪ್ಯೂಟರ್ ಮುಂದಕ್ಕೇ ಹೋಗುವುದಿಲ್ಲ. ಒಂದು ಕಚೇರಿಯವರು ಖಾಲಿ ಜಾಗಕ್ಕೆ ಗೀಟು ಎಳೆಯುತ್ತಾರೆ, ಇನ್ನೊಂದರವರು ಅದೇ ಹೆಸರನ್ನು ಎರಡು ಸಲ ಬರೆಯುತ್ತಾರೆ. ಆಮೇಲೆ ಬ್ಯಾಂಕಿನ ಹೆಸರಿಗೂ ಇನ್ಶೂರೆನ್ಸಿನ ಹೆಸರಿಗೂ ತಾಳೆಯಾಗದೆ ಪತ್ರ ವ್ಯವಹಾರ ಶುರುವಾಗುತ್ತದೆ. ಸರ್‌ನೇಮ್ ಖಾಲಿ ಇದ್ದವರು ಊರಲ್ಲಿರುವಾಗಲೇ ಪಾಸ್‌ಪೋರ್ಟನ್ನು ರೀಇಶ್ಯೂ ಮಾಡಿಸಿಕೊಳ್ಳುವುದು ಒಳ್ಳೆಯದು. ಅಂಕಪಟ್ಟಿಯ ಹೆಸರು ಬೇರೆ ಇದ್ದರೆ ಎರಡು ಹೆಸರೂ ಒಬ್ಬರದೇ ಎಂಬ ಅಫಿಡವಿಟ್ ನೋಟರಿಯಿಂದ ಮಾಡಿಸಿಡಿ. ಅಲ್ಲಿಂದ ಮುಂದೆ ಪ್ರತಿ ಅರ್ಜಿಯಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ, ಅಕ್ಷರಕ್ಕೆ ಅಕ್ಷರ, ಬರೆಯಬೇಕು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಜರ್ಮನಿಯ ಇಡೀ ವ್ಯವಸ್ಥೆ ಒಂದು ಕಾಗದ ಇನ್ನೊಂದನ್ನು ಹುಟ್ಟಿಸುವ ರೀತಿಯಲ್ಲಿದೆ. ಎಪಿಎಸ್ (ಅಂಕಪಟ್ಟಿಗಳು ಅಸಲಿ ಎಂಬ ಪ್ರಮಾಣಪತ್ರ) ಇಲ್ಲದೆ ವೀಸಾ ಇಲ್ಲ, ವಿಳಾಸ ಇಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ತೆರಿಗೆ ಸಂಖ್ಯೆ ಇಲ್ಲ. ಯಾವುದೂ ಕಷ್ಟದ ಕೆಲಸವಲ್ಲ. ಆದರೆ ಸಾಲು ತಪ್ಪಿದರೆ ತಿಂಗಳುಗಳು ಹೋಗುತ್ತವೆ.

ಬರ್ಲಿನ್‌ನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುತೇಕ ಕೋರ್ಸುಗಳಿಗೆ ಬೋಧನಾ ಶುಲ್ಕವಿಲ್ಲ, ಹೊರದೇಶದವರಿಗೂ ಇಲ್ಲ. ಪ್ರತಿ ಸೆಮಿಸ್ಟರ್‌ಗೆ 300 ಯೂರೊಗಿಂತ ಹೆಚ್ಚು ಕಟ್ಟಬೇಕು. ಅದರಲ್ಲೇ ದೊಡ್ಡ ಪಾಲು ಬಸ್ಸು ರೈಲಿನ ಟಿಕೆಟ್ಟಿನದು. ಜರ್ಮನಿ ಪೂರ್ತಿ ಹೀಗೇ ಎಂದುಕೊಳ್ಳಬೇಡಿ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದಲೇ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೊ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಶುರುಮಾಡಿದೆ. ಇನ್ನು ಬರ್ಲಿನ್‌ನಲ್ಲಿ ಖಾಸಗಿ ಕಾಲೇಜುಗಳೂ ಬೇಕಾದಷ್ಟಿವೆ. ಏಜೆಂಟರು ಕಮಿಷನ್ನಿಗಾಗಿ ಅವನ್ನೇ ಮುಂದಿಡುವುದು ಹೆಚ್ಚು. ಅಲ್ಲಿ ಸೇರುವ ಮುಂಚೆ ತರಗತಿಗಳು ನಿಜವಾಗಿ ಕ್ಯಾಂಪಸ್ಸಿನಲ್ಲೇ ನಡೆಯುತ್ತವೆಯೇ ಎಂದು ಬರಹದಲ್ಲಿ ತರಿಸಿಕೊಳ್ಳಿ. ದೂರಶಿಕ್ಷಣಕ್ಕೆ ವಾಸದ ಪರವಾನಗಿ ಸಿಗುವುದಿಲ್ಲ.

ನಾವು ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಟಿಯು ಬರ್ಲಿನ್, ಅಂದರೆ ಬರ್ಲಿನ್‌ನ ಟೆಕ್ನಿಕಲ್ ಯೂನಿವರ್ಸಿಟಿಯನ್ನು. ಅಲ್ಲಿಗೆ ಹೊರದೇಶದ ಡಿಗ್ರಿ ಇರುವವರು ಯೂನಿವರ್ಸಿಟಿಗಳ ಪರವಾಗಿ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಎಂಬ ಸಂಸ್ಥೆಯ ಮೂಲಕ ಅರ್ಜಿ ಹಾಕುತ್ತಾರೆ. ಒಂದು ಸೆಮಿಸ್ಟರ್‌ನ ಮೊದಲ ಅರ್ಜಿಗೆ 75 ಯೂರೊ, ಅದರ ಮೇಲಿನ ಪ್ರತಿಯೊಂದಕ್ಕೂ 30. ಹಣ ಅವರ ಖಾತೆಗೆ ಬಂದು ಸೇರುವವರೆಗೆ ಅರ್ಜಿಯನ್ನು ಮುಟ್ಟುವುದಿಲ್ಲ. ಕೊನೆಯ ದಿನಕ್ಕೆ ಎಂಟು ವಾರ ಮೊದಲೇ ಕಳಿಸಿದರೆ, ಯಾವುದಾದರೂ ಕಾಗದ ಕಮ್ಮಿಯಿದೆ ಎಂದು ಅವರು ಬರೆದಾಗ ಸೇರಿಸಲು ಸಮಯ ಉಳಿಯುತ್ತದೆ. ಕೊನೆಯ ವಾರ ಹಾಕಿದವರಿಗೆ ಆ ಅವಕಾಶವಿಲ್ಲ.

ಅಂಕಗಳ ಲೆಕ್ಕವನ್ನು ನೀವೇ ಮಾಡಿ ನೋಡಿ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸು, 5.0 ಫೇಲು. ನಮ್ಮ ಸಿಜಿಪಿಎಯನ್ನು ಅದಕ್ಕೆ ತಿರುಗಿಸಲು ಬವೇರಿಯನ್ ಸೂತ್ರ ಬಳಸುತ್ತಾರೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠಕ್ಕೂ ಪಾಸಿನ ಕನಿಷ್ಠಕ್ಕೂ ಇರುವ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. 10ಕ್ಕೆ 8 ಸಿಜಿಪಿಎ ಇರುವವರಿಗೆ ಪಾಸಿನ ಕನಿಷ್ಠ 4 ಎಂದು ಹಿಡಿದರೆ 2.0 ಬರುತ್ತದೆ. ಅದೇ ಕನಿಷ್ಠವನ್ನು 5 ಎಂದು ಹಿಡಿದರೆ 2.2. ಪ್ರವೇಶದ ಪೈಪೋಟಿ ಇರುವ ಕೋರ್ಸಿನಲ್ಲಿ ಈ 0.2 ಸೀಟನ್ನೇ ತಪ್ಪಿಸಬಹುದು. ಆದ್ದರಿಂದ ನಿಮ್ಮ ಯೂನಿವರ್ಸಿಟಿಯ ಗ್ರೇಡಿಂಗ್ ನಿಯಮ, ಅದರಲ್ಲೂ ಪಾಸಾಗಲು ಬೇಕಾದ ಕನಿಷ್ಠ ಗ್ರೇಡ್, ಟ್ರಾನ್ಸ್‌ಕ್ರಿಪ್ಟಿನ ಹಿಂಬದಿಯಲ್ಲೋ ಬೇರೆ ಪತ್ರದಲ್ಲೋ ಮೊಹರಿನ ಸಮೇತ ಇರಲಿ. ಇಲ್ಲದಿದ್ದರೆ ಅವರಿಗೆ ತೋಚಿದ ಕನಿಷ್ಠವನ್ನು ಹಿಡಿಯುತ್ತಾರೆ.

ಅಂಕ ಚೆನ್ನಾಗಿದ್ದೂ ಸೀಟು ಸಿಗದವರು ಬಹಳ ಮಂದಿ ಇದ್ದಾರೆ. ಕಾರಣ ಹೆಚ್ಚಾಗಿ ವಿಷಯವಾರು ಕ್ರೆಡಿಟ್ಟು. ಗಣಿತದಲ್ಲಿ ಇಷ್ಟು, ಮೂಲ ವಿಷಯದಲ್ಲಿ ಇಷ್ಟು ಇಸಿಟಿಎಸ್ (ಯುರೋಪಿನ ಕ್ರೆಡಿಟ್ ಪದ್ಧತಿ) ಕ್ರೆಡಿಟ್ ಇರಲೇಬೇಕು ಎಂದು ಕೋರ್ಸಿನ ಪ್ರವೇಶ ನಿಯಮದಲ್ಲಿ ಬರೆದಿರುತ್ತಾರೆ. ಜರ್ಮನಿಯಲ್ಲಿ ಒಂದು ವರ್ಷಕ್ಕೆ 60 ಇಸಿಟಿಎಸ್, ಹಾಗಾಗಿ ನಾಲ್ಕು ವರ್ಷದ ಬಿಇ ಸಾಮಾನ್ಯವಾಗಿ 240ಕ್ಕೆ ಸಮ. ನಿಮ್ಮ ಬಿಇ ಒಟ್ಟು 160 ಕ್ರೆಡಿಟ್ಟಿನದಾದರೆ ಒಂದು ಕ್ರೆಡಿಟ್ 1.5 ಇಸಿಟಿಎಸ್ ಆಗುತ್ತದೆ, ನಾಲ್ಕು ಕ್ರೆಡಿಟ್ಟಿನ ಪೇಪರ್ 6. ಅಂಕಪಟ್ಟಿಯಲ್ಲಿ ವಿಷಯದ ಹೆಸರು ಮಾತ್ರ ಇರುತ್ತದೆ, ಒಳಗೇನು ಕಲಿಸಿದರು ಎಂಬುದು ಅವರಿಗೆ ತಿಳಿಯದು. ಸಿಲಬಸ್‌ನ ಆಯಾ ಪುಟಗಳನ್ನು ತೆಗೆದು, ಯಾವ ಪೇಪರ್ ಅವರ ಯಾವ ಬೇಡಿಕೆಗೆ ಹೊಂದುತ್ತದೆ ಎಂಬ ಒಂದು ಪಟ್ಟಿ ಮಾಡಿ ಅರ್ಜಿಯ ಜೊತೆ ಇಡಿ. ಈ ಕೋರ್ಸು ಏಕೆ ಬೇಕು ಎಂದು ಬರೆಯುವ ಎಸ್‌ಒಪಿಯನ್ನು ಹತ್ತು ಸಲ ತಿದ್ದುವವರು ಈ ಪಟ್ಟಿಗೆ ಒಂದು ಸಂಜೆಯನ್ನೂ ಕೊಡುವುದಿಲ್ಲ. ಟಿಯು ತರಹದ ಕಡೆ ಈ ಪಟ್ಟಿಗೇ ಹೆಚ್ಚು ತೂಕ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೇವೆ ಎಂಬ ಕಾಲೇಜಿನ ಪತ್ರವನ್ನು ಎಷ್ಟೋ ಕೋರ್ಸುಗಳು ಒಪ್ಪುವುದಿಲ್ಲ. ಐಇಎಲ್‌ಟಿಎಸ್ ಅಥವಾ ಟೋಫೆಲ್ ಬರೆದಿರುವುದೇ ಕ್ಷೇಮ.

ಎಪಿಎಸ್ ಎಂದರೆ ನಿಮ್ಮ ಅಂಕಪಟ್ಟಿಗಳು ಅಸಲಿ ಎಂದು ದೆಹಲಿಯ ಜರ್ಮನ್ ರಾಯಭಾರ ಕಚೇರಿಯ ವಿಭಾಗ ಕೊಡುವ ಪ್ರಮಾಣಪತ್ರ. ಭಾರತದಿಂದ ಓದಲು ಹೋಗುವವರ ವೀಸಾಗೆ 2022ರ ನವೆಂಬರ್ 1ರಿಂದ ಇದು ಕಡ್ಡಾಯ. ಶುಲ್ಕ 18,000 ರೂಪಾಯಿ. ಸೀಸನ್ನಿನಲ್ಲಿ ಇದು ನಿಧಾನವಾಗುತ್ತದೆ, ಹಾಗಾಗಿ ಪ್ರವೇಶ ಪತ್ರ ಬರಲಿ ಎಂದು ಕಾಯದೆ ಅಂಕಪಟ್ಟಿಗಳು ಕೈಗೆ ಬಂದ ಕೂಡಲೇ ಹಾಕಿಬಿಡಿ.

ಈಗ ಹಣ. ಒಂದು ವರ್ಷದ ಖರ್ಚಿಗೆ ಹಣ ಇದೆ ಎಂದು ತೋರಿಸಲು ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೊ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಇರುವ ಮೊತ್ತ ಇದು. ಬರ್ಲಿನ್‌ಗೆ ಬಂದ ಮೇಲೆ ಅದರಿಂದ ತಿಂಗಳಿಗೆ 992 ಯೂರೊ ಮಾತ್ರ ಹೊರಬರುತ್ತದೆ. ಖಾತೆಯನ್ನು ಆನ್‌ಲೈನಿನಲ್ಲೇ ತೆರೆಯಬಹುದು. ಎಡವಟ್ಟಾಗುವುದು ಹಣ ಕಳಿಸುವಾಗ. ಬ್ಯಾಂಕಿನ ಫಾರ್ಮಿನಲ್ಲಿ ಚಾರ್ಜು ಯಾರದು ಎಂಬ ಒಂದು ಸಾಲಿರುತ್ತದೆ. ಅಲ್ಲಿ ಹಂಚಿಕೊಳ್ಳುವ ಆಯ್ಕೆಗೆ ಟಿಕ್ ಬಿದ್ದರೆ ದಾರಿಯಲ್ಲಿನ ಬ್ಯಾಂಕು 15-20 ಯೂರೊ ಮುರಿದುಕೊಳ್ಳಬಹುದು. 11,904ರ ಬದಲು 11,886 ಸೇರಿದರೆ ದೃಢೀಕರಣ ಪತ್ರ ಬರುವುದಿಲ್ಲ, ಉಳಿದ 18 ಯೂರೊ ಕಳಿಸಲು ಮತ್ತೆ ಬ್ಯಾಂಕಿಗೆ ಹೋಗಿ ಮತ್ತೆ ಚಾರ್ಜು ಕೊಡಬೇಕು. ಎಲ್ಲ ಚಾರ್ಜೂ ಕಳಿಸುವವರದೇ ಎಂಬ ಆಯ್ಕೆ ಮಾಡಿ, ಮೇಲೆ ನೂರು ಯೂರೊ ಹೆಚ್ಚಿಗೆ ಹಾಕಿ. ಖಾತೆ ಕೊಟ್ಟ ಕಂಪನಿ ಒಂದು ರೆಫರೆನ್ಸ್ ಸಂಖ್ಯೆ ಕೊಟ್ಟಿರುತ್ತದೆ, ಅದು ಸಂದೇಶದ ಕಾಲಂನಲ್ಲಿ ಇರಲೇಬೇಕು. ಇಲ್ಲದಿದ್ದರೆ ಹಣ ಸೇರಿರುತ್ತದೆ, ಯಾರದೆಂದು ಅವರಿಗೆ ಗೊತ್ತಿರುವುದಿಲ್ಲ.

ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ಹಿಡಿಯುವ ತೆರಿಗೆಯ ಬಗ್ಗೆ ಅಪ್ಪ ಅಮ್ಮಂದಿರಿಗೆ ಆತಂಕ ಇರುತ್ತದೆ. ಓದಿನ ಖರ್ಚಿಗೆಂದು ಹೊರದೇಶಕ್ಕೆ ಕಳಿಸುವ ಹಣ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗದ ಮೇಲೆ ಮಾತ್ರ ಬ್ಯಾಂಕು ಟಿಸಿಎಸ್ ಹಿಡಿಯುತ್ತದೆ. 2025ರ ಏಪ್ರಿಲ್‌ನಿಂದ ಇರುವ ಮಿತಿ ಇದು. ಬ್ಯಾಂಕಿನ ಶಿಕ್ಷಣ ಸಾಲದ ಹಣವಾದರೆ ಅದೂ ಇಲ್ಲ. ಹಿಡಿದದ್ದು ಕಳೆದುಹೋಗುವ ಹಣವಲ್ಲ. ಯಾರ ಪ್ಯಾನ್‌ನಿಂದ ಕಳಿಸಿದ್ದೋ ಅವರು ರಿಟರ್ನ್ಸ್ ಸಲ್ಲಿಸುವಾಗ ವಾಪಸು ಪಡೆಯಬಹುದು. ಬ್ಯಾಂಕಿನಲ್ಲಿ ಉದ್ದೇಶದ ಕೋಡ್ ಶಿಕ್ಷಣದ್ದೇ ಎಂದು ನೋಡಿಕೊಳ್ಳಿ. ಬೇರೆ ಕೋಡ್ ಬಿದ್ದರೆ ಹಿಡಿಯುವ ದರ ಬಹಳ ಹೆಚ್ಚು.

992 ಯೂರೊ ಬರ್ಲಿನ್‌ಗೆ ಸಾಲುತ್ತದೆಯೇ? ಲೆಕ್ಕ ಹಾಕಿ. ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆಗೆ 600ರಿಂದ 700 ಈಗ ಮಾಮೂಲು. 650 ಎಂದು ಹಿಡಿಯೋಣ. ಆರೋಗ್ಯ ವಿಮೆಗೆ ಸುಮಾರು 145. ಉಳಿಯುವುದು 197. ಅದರಲ್ಲಿ ಊಟ, ಫೋನು, ಸೆಮಿಸ್ಟರ್ ಹಣ, ಚಳಿಗಾಲದ ಜಾಕೆಟ್ಟು, ಬೂಟು. ಸಾಲುವುದಿಲ್ಲ. ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಂಬಿ ಹೊರಡುವವರನ್ನು ನೋಡಿದರೆ ನಮಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಮೊದಲ ಸೆಮಿಸ್ಟರ್‌ನಲ್ಲಿ ಕೆಲಸ ಸಿಗದಿರುವುದೇ ಹೆಚ್ಚು. ಬ್ಲಾಕ್ಡ್ ಅಕೌಂಟಿನ ಹೊರಗೆ, ಮೊದಲ ಎರಡು ತಿಂಗಳಿಗೆ ಮತ್ತು ಮನೆಯ ಮುಂಗಡಕ್ಕೆ ಅಂತ 3,000 ಯೂರೊ ಕೈಗೆ ಸಿಗುವ ಹಾಗೆ ಇರಲಿ. ಫಾರೆಕ್ಸ್ ಕಾರ್ಡಿನಲ್ಲಿ ಬಹುಪಾಲು, ಸ್ವಲ್ಪ ನಗದು. ಅಕೌಂಟಿನ ಮೊದಲ 992 ಬರಲು ಜರ್ಮನ್ ಬ್ಯಾಂಕ್ ಖಾತೆ ಬೇಕು, ಕೆಲವರು ವಿಳಾಸದ ನೋಂದಣಿಯನ್ನೂ ಕೇಳುತ್ತಾರೆ. ಅಷ್ಟರಲ್ಲಿ ವಾರಗಳು ಹೋಗಿರುತ್ತವೆ.

ಕರ್ನಾಟಕ, ಕೇರಳದವರ ವೀಸಾ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ಜನರಲ್ ವ್ಯಾಪ್ತಿಗೆ ಬರುತ್ತದೆ. ಶುಲ್ಕ 75 ಯೂರೊ, ರೂಪಾಯಿಯಲ್ಲಿ ಕಟ್ಟಬೇಕು. ಒಂದು ಮಾತು ಮಾತ್ರ ಇಲ್ಲಿ ಮುಖ್ಯ: ವೀಸಾ ತಿರಸ್ಕಾರವಾದರೆ ಅದೇ ಕಚೇರಿಗೆ ಮೇಲ್ಮನವಿ ಬರೆಯುವ ಹಳೆಯ ದಾರಿ 2025ರ ಜುಲೈ 1ರಿಂದ ಮುಚ್ಚಿದೆ. ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್ ಕೋರ್ಟಿಗೆ ಹೋಗಬೇಕು. ಕಾಗದಪತ್ರ ಪೂರ್ತಿ ಇಲ್ಲದೆ ಅರ್ಜಿ ಕೊಟ್ಟು ಆಮೇಲೆ ಸರಿಮಾಡೋಣ ಎನ್ನುವ ಹಾಗಿಲ್ಲ.

ವಿಮೆಯ ವಿಷಯದಲ್ಲಿ ಹಲವರು ದಾರಿ ತಪ್ಪುತ್ತಾರೆ. 30 ವರ್ಷ ತುಂಬದವರಿಗೆ ಸರ್ಕಾರಿ ವಿಮಾ ಸಂಸ್ಥೆಗಳಲ್ಲಿ ವಿದ್ಯಾರ್ಥಿ ದರವಿದೆ. ಆದರೆ ಅದು ಸೆಮಿಸ್ಟರ್ ಶುರುವಾದ ಮೇಲೆ, ಅಂದರೆ ಅಕ್ಟೋಬರ್ 1ರಿಂದ, ಜಾರಿಗೆ ಬರುತ್ತದೆ. ಸೆಪ್ಟೆಂಬರ್‌ನಲ್ಲೇ ಬಂದಿಳಿಯುವವರಿಗೆ ಆ ನಡುವಿನ ದಿನಗಳಿಗೆ ಟ್ರಾವೆಲ್ ಇನ್ಶೂರೆನ್ಸ್ ಇರಲೇಬೇಕು. ವಿಮಾ ಸಂಸ್ಥೆ ಯೂನಿವರ್ಸಿಟಿಗೆ ಎಂ10 ಎಂಬ ಎಲೆಕ್ಟ್ರಾನಿಕ್ ಸಂದೇಶ ಕಳಿಸಿದ ಮೇಲೆ ಮಾತ್ರ ದಾಖಲಾತಿ ಮುಗಿಯುತ್ತದೆ. ನೀವು ಕಾಗದ ಅಪ್‌ಲೋಡ್ ಮಾಡಿದರೆ ಆಗುವುದಿಲ್ಲ. ತಿಂಗಳಿಗೆ 30-40 ಯೂರೊಗೆ ಸಿಗುವ ಖಾಸಗಿ ವಿಮೆಯ ಜಾಹೀರಾತಿಗೆ ಮರುಳಾಗಬೇಡಿ. ಒಮ್ಮೆ ಸರ್ಕಾರಿ ವಿಮೆಯಿಂದ ವಿನಾಯಿತಿ ಪಡೆದರೆ ಓದು ಮುಗಿಯುವವರೆಗೆ ವಿದ್ಯಾರ್ಥಿ ದರಕ್ಕೆ ಮರಳುವ ಹಾಗಿಲ್ಲ.

ಮನೆ ಹುಡುಕುವುದೇ ಇದೆಲ್ಲಕ್ಕಿಂತ ದೊಡ್ಡ ಕೆಲಸ. ಪ್ರವೇಶ ಪತ್ರ ಬಂದ ದಿನವೇ ಸ್ಟುಡಿಯರೆಂಡನ್‌ವೆರ್ಕ್ ಬರ್ಲಿನ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆಯ ಹಾಸ್ಟೆಲ್ಲಿಗೆ ಅರ್ಜಿ ಹಾಕಿ. ಸರದಿ ಉದ್ದ ಇದೆ, ಆದರೂ ಎರಡನೆಯ ಸೆಮಿಸ್ಟರ್‌ಗಾದರೂ ಸಿಕ್ಕರೆ ಖರ್ಚು ಬಹಳ ಇಳಿಯುತ್ತದೆ. ಅಲ್ಲಿಯವರೆಗೆ ಡಬ್ಲ್ಯೂಜಿ, ಅಂದರೆ ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆ. ಜಾಹೀರಾತಿನಲ್ಲಿ ಕಾಲ್ಟ್‌ಮೀಟೆ ಎಂದಿದ್ದರೆ ಬರೀ ಬಾಡಿಗೆ, ವಾರ್ಮ್‌ಮೀಟೆ ಎಂದಿದ್ದರೆ ಹೀಟರು ನೀರು ಸೇರಿ. ಕರೆಂಟು, ಇಂಟರ್ನೆಟ್ಟು ಸೇರಿದೆಯೇ ಎಂದು ಬೇರೆಯಾಗಿ ಕೇಳಬೇಕು. ಮುಂಗಡ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಹೆಚ್ಚು ಇರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಲು ಕಾನೂನು ಅವಕಾಶ ಕೊಡುತ್ತದೆ. ಓನರ್ ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿ, ಕೀ ಕೊರಿಯರ್ ಮಾಡುತ್ತೇನೆ ಎಂದರೆ ಅದು ಮೋಸ. ಫೋಟೊ ಎಷ್ಟೇ ಚೆನ್ನಾಗಿರಲಿ, ಪಾಸ್‌ಪೋರ್ಟಿನ ಪ್ರತಿಯನ್ನೇ ಕಳಿಸಲಿ, ಮೋಸವೇ. ಬರ್ಲಿನ್‌ನಲ್ಲಿ ಯಾರಾದರೂ ಪರಿಚಯದವರು ಹೋಗಿ ನೋಡಿ ಬರುವವರೆಗೆ ಒಂದು ಯೂರೊನೂ ಕಳಿಸಬೇಡಿ. ಮೊದಲ ತಿಂಗಳಿಗೆ ಪ್ರವಾಸಿಗರ ಹಾಸ್ಟೆಲೋ ತಾತ್ಕಾಲಿಕ ಕೋಣೆಯೋ ಹಿಡಿದು, ಬಂದ ಮೇಲೆ ಹುಡುಕುವುದೇ ಸರಿ. ಕೋಣೆ ಸಿಕ್ಕಾಗ ಕೀ ತೆಗೆದುಕೊಳ್ಳುವ ದಿನ ಗೋಡೆಯ ಕಲೆ, ಕಿಟಕಿಯ ಹಿಡಿ, ನೆಲದ ಗೀರು, ಮೀಟರಿನ ಓದು ಎಲ್ಲದರ ಫೋಟೊ ತೆಗೆದು, ಹಸ್ತಾಂತರದ ಕಾಗದದಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿ. ಬಿಡುವಾಗ ಮುಂಗಡ ಮುರಿದುಕೊಳ್ಳಲು ಹುಡುಕುವುದು ಅದೇ ಗೀರುಗಳನ್ನು.

ಕೋಣೆ ನೋಡುವಾಗ ಬಾಡಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ: ಇಲ್ಲಿ ಅನ್‌ಮೆಲ್ಡುಂಗ್ ಆಗುತ್ತದೆಯೇ? ಅನ್‌ಮೆಲ್ಡುಂಗ್ ಎಂದರೆ ವಿಳಾಸದ ನೋಂದಣಿ. ಮನೆಗೆ ಬಂದ ಎರಡು ವಾರದೊಳಗೆ ಬ್ಯುರ್ಗರ್‌ಆಮ್ಟ್ ಎಂಬ ನಾಗರಿಕ ಕಚೇರಿಯಲ್ಲಿ ಮಾಡಿಸಬೇಕು. ಮನೆ ಕೊಟ್ಟವರು ಸಹಿ ಹಾಕಿದ ಒಂದು ಪುಟದ ದೃಢೀಕರಣ ಪತ್ರ, ತುಂಬಿದ ಫಾರ್ಮ್, ಪಾಸ್‌ಪೋರ್ಟ್ ಸಾಕು. ಬಾಡಿಗೆ ಕರಾರು ಅದಕ್ಕೆ ಬದಲಿಯಲ್ಲ. ಬರ್ಲಿನ್‌ನ 12 ಜಿಲ್ಲೆಗಳಲ್ಲಿ ಯಾವ ಕಚೇರಿಯಾದರೂ ಆಗುತ್ತದೆ, ಹಣ ಇಲ್ಲ. ಕಷ್ಟ ಇರುವುದು ಅಪಾಯಿಂಟ್‌ಮೆಂಟಿನಲ್ಲಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸ್ಲಾಟುಗಳು ಖಾಲಿಯಾಗಿರುತ್ತವೆ. ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಪೋರ್ಟಲ್ ನೋಡಿ, ರದ್ದಾದ ಸ್ಲಾಟುಗಳು ಆಗ ಕಾಣಿಸಿಕೊಳ್ಳುತ್ತವೆ. 115ಕ್ಕೆ ಫೋನ್ ಮಾಡಿಯೂ ಕೇಳಬಹುದು. ಸ್ಲಾಟ್ ಸಿಗದೆ ತಡವಾದರೆ ಬುಕಿಂಗ್ ಮಾಡಿದ ದಾಖಲೆ ಇಟ್ಟುಕೊಳ್ಳಿ. ವಿಳಾಸವನ್ನು ದುಡ್ಡಿಗೆ ಮಾರುವವರೂ ಇದ್ದಾರೆ. ವಾಸವಿಲ್ಲದ ಮನೆಗೆ ಸುಳ್ಳು ದೃಢೀಕರಣ ಕೊಡುವವರಿಗೆ 50,000 ಯೂರೊವರೆಗೆ ದಂಡ ಹಾಕಲು ಕಾನೂನಿದೆ, ಅದರಲ್ಲಿ ನೋಂದಾಯಿಸಿಕೊಂಡವರೂ ತಪ್ಪಿತಸ್ಥರೇ. ಫಾರ್ಮಿನಲ್ಲಿ ಧರ್ಮದ ಕಾಲಂ ಇದೆ. ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಎಂದು ಬರೆದರೆ ಮುಂದೆ ಸಂಬಳ ಬಂದಾಗ ಚರ್ಚ್ ತೆರಿಗೆ ಬೀಳುತ್ತದೆ. ಬರ್ಲಿನ್‌ನಲ್ಲಿ ಅದು ಆದಾಯ ತೆರಿಗೆಯ ಶೇ. 9. ಮಂಗಳೂರು ಕಡೆಯ ಕ್ರೈಸ್ತ ವಿದ್ಯಾರ್ಥಿಗಳು ಇದನ್ನು ತಿಳಿದು ತೀರ್ಮಾನ ಮಾಡಲಿ.

ನೋಂದಣಿ ಮುಗಿದ ದಿನವೇ ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ. ಜರ್ಮನಿಯಲ್ಲಿ ಸಾಮಾನ್ಯವಾಗಿ ಫ್ಲ್ಯಾಟಿಗೆ ನಂಬರ್ ಇರುವುದಿಲ್ಲ, ಅಂಚೆಯವರು ಡಬ್ಬಿಯ ಮೇಲಿನ ಸರ್‌ನೇಮ್ ನೋಡಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ಹಿಂದಕ್ಕೆ ಹೋಗುತ್ತದೆ. ತೆರಿಗೆ ಸಂಖ್ಯೆ, ಬ್ಯಾಂಕಿನ ಪಿನ್, ವಿಮೆಯ ಕಾರ್ಡ್ ಎಲ್ಲವೂ ಬರುವುದು ಅಂಚೆಯಲ್ಲೇ. ಟೇಪಿನ ಮೇಲೆ ಪೆನ್ನಿನಲ್ಲಿ ಬರೆದರೂ ಸಾಕು, ಪಾಸ್‌ಪೋರ್ಟಿನ ಸರ್‌ನೇಮ್ ಇರಬೇಕು ಅಷ್ಟೆ. ಕೆಲವು ವಾರದಲ್ಲಿ ರೇಡಿಯೊ-ಟಿವಿ ಶುಲ್ಕದ ಪತ್ರವೂ ಬರುತ್ತದೆ: ತಿಂಗಳಿಗೆ 18.36 ಯೂರೊ. ಇದು ಮನೆಗೆ ಒಂದು, ತಲೆಗೊಂದಲ್ಲ. ಮನೆಯಲ್ಲಿ ಯಾರಾದರೂ ಕಟ್ಟುತ್ತಿದ್ದರೆ ಅವರ ಸಂಖ್ಯೆ ಬರೆದು ಉತ್ತರ ಕೊಡಿ. ಸುಮ್ಮನಿದ್ದರೆ ಬಾಕಿ ಬೆಳೆಯುತ್ತದೆ.

ವೀಸಾದ ಅವಧಿ ಮುಗಿಯುವ ಮೊದಲೇ ವಾಸದ ಪರವಾನಗಿಗೆ ಬರ್ಲಿನ್‌ನ ವಲಸೆ ಕಚೇರಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ಹಾಕಿದ ಮೇಲೆ ಉತ್ತರ ಬರುವವರೆಗೆ ಇಲ್ಲಿ ಇರಲು ತೊಂದರೆಯಿಲ್ಲ. ಆದರೆ ಆ ಆನ್‌ಲೈನ್ ರಸೀತಿ ಹಿಡಿದು ಊರಿನ ಮದುವೆಗೆಂದು ವಿಮಾನ ಹತ್ತಬೇಡಿ. ಮರಳಿ ಒಳಬರಲು ವೀಸಾ ಅಥವಾ ಕಚೇರಿ ಕೊಟ್ಟ ಫಿಕ್ಟ್‌ಸಿಯೋನ್ಸ್ ಪತ್ರ (ಅರ್ಜಿ ತೀರ್ಮಾನವಾಗುವವರೆಗಿನ ತಾತ್ಕಾಲಿಕ ಪರವಾನಗಿ) ಬೇಕು.

ಇನ್ನು ಓದು. ಟಿಯುನಲ್ಲಿ 10 ಗಂಟೆ ಎಂದು ಬರೆದ ತರಗತಿ ಶುರುವಾಗುವುದು 10:15ಕ್ಕೆ. ಹಾಜರಾತಿ ಹೆಚ್ಚಿನ ಕಡೆ ಕೇಳುವುದಿಲ್ಲ, ಇಂಟರ್ನಲ್ಸ್ ಇಲ್ಲ, ಯಾರೂ ನೆನಪಿಸುವುದಿಲ್ಲ. ಈ ಸ್ವಾತಂತ್ರ್ಯದಲ್ಲೇ ನಮ್ಮ ಮಕ್ಕಳು ಮುಗ್ಗರಿಸುತ್ತಾರೆ. ಐಸಿಸ್ ಎಂಬ ಪೋರ್ಟಲಿನಲ್ಲಿ ಕೋರ್ಸಿಗೆ ಸೇರಿದರೆ ಪರೀಕ್ಷೆಗೆ ಸೇರಿದ ಹಾಗಲ್ಲ. ಪರೀಕ್ಷೆಗೆ ಮೋಸೆಸ್ ಎಂಬ ಬೇರೆ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಪೋರ್ಟ್‌ಫೋಲಿಯೊ ಮಾದರಿಯ ಪರೀಕ್ಷೆ ಇರುವ ವಿಷಯಗಳಲ್ಲಂತೂ ಅಸೈನ್‌ಮೆಂಟು, ಪ್ರೆಸೆಂಟೇಶನ್ ಎಲ್ಲ ಸೇರಿ ಅಂಕ ಆಗುವುದರಿಂದ, ಮೊದಲ ಅಸೈನ್‌ಮೆಂಟಿಗೂ ಮುಂಚೆ ನೋಂದಣಿ ಮುಚ್ಚುತ್ತದೆ. ಅದು ತಪ್ಪಿದರೆ ಫೆಬ್ರವರಿಯವರೆಗೆ ದುಡಿದೂ ಒಂದು ಕ್ರೆಡಿಟ್ಟೂ ಇಲ್ಲದೆ ಕೂರಬೇಕಾಗುತ್ತದೆ. ಸೆಮಿಸ್ಟರ್‌ನ ಮೊದಲ ವಾರವೇ ಪ್ರತಿ ವಿಷಯದ ಕೊನೆಯ ದಿನಾಂಕವನ್ನು ಬರೆದಿಟ್ಟುಕೊಳ್ಳಿ.

ಒಂದು ಸೆಮಿಸ್ಟರ್‌ಗೆ 30 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 30 ಗಂಟೆ ಕೆಲಸ ಎಂದು ಲೆಕ್ಕ. ಮೊದಲ ಸೆಮಿಸ್ಟರ್‌ನಲ್ಲಿ 18-24ಕ್ಕೆ ನಿಲ್ಲಿಸಿದರೆ ಏನೂ ತಪ್ಪಿಲ್ಲ. ಫೇಲಾದರೆ ಸಾಮಾನ್ಯವಾಗಿ ಎರಡು ಸಲ ಮಾತ್ರ ಮತ್ತೆ ಬರೆಯಬಹುದು. ಕಡ್ಡಾಯ ವಿಷಯದಲ್ಲಿ ಮೂರನೆಯ ಸಲವೂ ಹೋದರೆ ಕೋರ್ಸಿನಿಂದ ಹೊರಗೆ, ಅದೇ ಕೋರ್ಸಿಗೆ ಜರ್ಮನಿಯ ಬೇರೆ ಯೂನಿವರ್ಸಿಟಿಯೂ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ತಯಾರಿ ಸಾಲದಿದ್ದರೆ ಅವಧಿಯೊಳಗೆ ಹೆಸರು ತೆಗೆಸುವುದು ಜಾಣತನ. ಪರೀಕ್ಷೆಯ ದಿನ ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ ಸರ್ಟಿಫಿಕೇಟ್ ತಂದು ಪರೀಕ್ಷಾ ಕಚೇರಿಗೆ ಕೊಡಿ. ಸುಮ್ಮನೆ ಹೋಗದಿದ್ದರೆ 5.0 ಬೀಳುತ್ತದೆ. ಊಟದ ಚಿಂತೆ ಮಾತ್ರ ಬೇಡ. ಹಾರ್ಡನ್‌ಬೆರ್ಗ್‌ಶ್ಟ್ರಾಸ್ಸೆ ಎಂಬ ರಸ್ತೆಯ ಮೆನ್ಸಾ, ಅಂದರೆ ವಿದ್ಯಾರ್ಥಿ ಕ್ಯಾಂಟೀನು, ಕ್ಯಾಂಪಸ್ಸಿನ ಪಕ್ಕದಲ್ಲೇ ಇದೆ, ಬರ್ಲಿನ್‌ನ ಮೆನ್ಸಾಗಳಲ್ಲಿ ಬಹುಪಾಲು ಅಡುಗೆ ಸಸ್ಯಾಹಾರಿ.

ಕೆಲಸಕ್ಕೆ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನದ ಅನುಮತಿ ಇದೆ. ಕನಿಷ್ಠ ವೇತನ 2026ರ ಜನವರಿಯಿಂದ ಗಂಟೆಗೆ 13.90 ಯೂರೊ. ಸ್ವಂತ ಉದ್ಯೋಗಿ ಎಂದು ಬರೆಸಿಕೊಂಡು ಊಟ ತಲುಪಿಸುವ ಕೆಲಸಕ್ಕೆ ಕರೆಯುವವರಿದ್ದಾರೆ. ವಿದ್ಯಾರ್ಥಿಯ ಪರವಾನಗಿಯಲ್ಲಿ ಅದಕ್ಕೆ ಪ್ರತ್ಯೇಕ ಅನುಮತಿ ಬೇಕು, ಇಲ್ಲದೆ ಮಾಡಿದರೆ ವಾಸದ ಪರವಾನಗಿಗೇ ಕುತ್ತು. ಕಣ್ಣಿಡಬೇಕಾದದ್ದು ಯೂನಿವರ್ಸಿಟಿಯೊಳಗಿನ ವಿದ್ಯಾರ್ಥಿ ಹುದ್ದೆಗಳ ಮೇಲೆ. ಲ್ಯಾಬು, ಟ್ಯುಟೋರಿಯಲ್ಲು, ಪ್ರೋಗ್ರಾಮಿಂಗ್ ಸಹಾಯ ಇಂಥವು. ಇವುಗಳ ದಿನಗಳನ್ನು ಆ 140ರಲ್ಲಿ ಎಣಿಸುವುದಿಲ್ಲ. ವಿದ್ಯಾರ್ಥಿ ನೌಕರರಿಗೆಂದೇ ಕಾರ್ಮಿಕ ಸಂಘದ ಜೊತೆ ವೇತನ ಒಪ್ಪಂದ ಇರುವ ರಾಜ್ಯ ಬರ್ಲಿನ್ ಒಂದೇ: ಸಾಮಾನ್ಯವಾಗಿ ನಾಲ್ಕು ಸೆಮಿಸ್ಟರ್‌ಗಳ ಕರಾರು, ತಿಂಗಳಿಗೆ 40, 60 ಅಥವಾ 80 ಗಂಟೆ, ಸಂಬಳದ ರಜೆ. 60 ಗಂಟೆಯ ಹುದ್ದೆಯೊಂದು ಸಿಕ್ಕರೆ 197 ಯೂರೊ ಉಳಿಯುವ ಆ ಲೆಕ್ಕವೇ ಬದಲಾಗುತ್ತದೆ. ಪ್ರಕಟಣೆಗಳು ಟಿಯುನ ಉದ್ಯೋಗ ಪುಟದಲ್ಲಿ ಬರುತ್ತವೆ, ಅರ್ಜಿಗೆ ಕೆಲವೇ ವಾರ ಸಮಯ ಇರುತ್ತದೆ. ಕೆಲವಕ್ಕೆ ಜರ್ಮನ್ ಕೇಳುತ್ತಾರೆ, ಇಂಗ್ಲಿಷ್ ಸಾಕು ಎನ್ನುವ ಲ್ಯಾಬುಗಳೂ ಇವೆ. ಮೊದಲ ಸೆಮಿಸ್ಟರ್‌ನಲ್ಲಿ ಒಂದು ವಿಷಯದಲ್ಲಾದರೂ ಒಳ್ಳೆಯ ಗ್ರೇಡ್ ತೆಗೆದು, ಅದೇ ವಿಭಾಗದಲ್ಲಿ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು.